ಎಣ್ಣೆ ಹಚ್ಚಿದ ಜಡೆಗೂ ಕೋಡಿಂಗ್‌ಗೂ ಏನು ಸಂಬಂಧ?

ಮಧ್ಯಾಹ್ನದಿಂದ ಸಿಟ್ಟು ಇಳಿದಿಲ್ಲ. ಬರೆದುಬಿಡುತ್ತೇನೆ.

ಇವತ್ತು ನಮ್ಮ ಸಾಫ್ಟ್‌ವೇರ್ ಕಂಪನಿಯ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಿದ್ದೆ. ಬಂದವಳು ಚಳ್ಳಕೆರೆ ಕಡೆಯ ಹುಡುಗಿ. ಇಸ್ತ್ರಿ ಮಾಡಿದ ಚೂಡಿದಾರ್, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಗೇಣುದ್ದ ಮಲ್ಲಿಗೆ. ಡೇಟಾಬೇಸಿನಿಂದ ಮಾಹಿತಿ ಹೆಕ್ಕುವ ಒಂದು ಕ್ವೆರಿ ತೋರಿಸಿ, ತಾರೀಖಿನ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಪಟ್ಟಿ) ಇದ್ದರೂ ಇದು ಯಾಕೆ ನಿಧಾನ ಅಂತ ಕೇಳಿದೆ. "ಕಾಲಂ ಮೇಲೇ ಫಂಕ್ಷನ್ ಹಾಕಿದೀರಿ ಮೇಡಂ, ಅದಕ್ಕೇ ಇಂಡೆಕ್ಸ್ ಬಳಕೆ ಆಗ್ತಿಲ್ಲ. ಈ ತಾರೀಖಿಂದ ಆ ತಾರೀಖಿನವರೆಗೆ ಅಂತ ಬರೆದ್ರೆ ಸರಿಹೋಗುತ್ತೆ" ಅಂದಳು. ವರ್ಷಗಟ್ಟಲೆ ಅನುಭವ ಇರುವವರೂ ಇಲ್ಲಿ ತಡವರಿಸುವುದನ್ನು ನೋಡಿದ್ದೇನೆ.

ಆಕೆ ಹೊರಗೆ ಹೋದ ಮೇಲೆ ಪಕ್ಕದವರು ಹೇಳಿದ್ದು: "ಟೆಕ್ನಿಕಲಿ ಸ್ಟ್ರಾಂಗ್. ಆದ್ರೆ ಪಾಲಿಶ್ ಇಲ್ಲ. ಕ್ಲೈಂಟ್ ಮುಂದೆ ಕೂರಿಸೋಕಾಗಲ್ಲ." ಹೇಳಿದವರು ತೊಟ್ಟಿದ್ದು ಮಾಸಿದ ಟೀ ಶರ್ಟು, ಹವಾಯಿ ಚಪ್ಪಲಿ. ಅವರ ಬಟ್ಟೆ ಬಗ್ಗೆ ನನಗೆ ತಕರಾರಿಲ್ಲ. ಅದೇ ಸಲಿಗೆ ಅವಳಿಗೆ ಯಾಕಿಲ್ಲ?

ನಮ್ಮ ಫೀಲ್ಡಿನಲ್ಲಿ ಬಟ್ಟೆ ಯಾರು ನೋಡ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಐಬಿಎಂ ತನ್ನ ಡಾರ್ಕ್ ಸೂಟು, ಬಿಳಿ ಶರ್ಟಿನ ಶಿಸ್ತನ್ನು 1995ರಲ್ಲೇ ಬಿಟ್ಟಿತು. ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ 2015ರಲ್ಲಿ ನಿಯಮ ಸಡಿಲಿಸಿತು. 2012ರಲ್ಲಿ ಫೇಸ್‌ಬುಕ್ ಷೇರು ಬಿಡುಗಡೆಗೆ ಮುಂಚೆ ಅದರ ಮುಖ್ಯಸ್ಥ ಜುಕರ್‌ಬರ್ಗ್ ಹೂಡಿ (ಟೋಪಿ ಇರುವ ಸ್ವೆಟ್‌ಶರ್ಟ್) ಹಾಕಿಕೊಂಡೇ ಇನ್ವೆಸ್ಟರ್‌ಗಳ ಮುಂದೆ ನಿಂತರು. ಒಬ್ಬ ವಿಶ್ಲೇಷಕರು ಅದನ್ನು ಹುಡುಗಾಟಿಕೆ ಅಂದರು. ಷೇರು ಬಿಡುಗಡೆ ನಿಲ್ಲಲಿಲ್ಲ. ಸಡಿಲಿಕೆ ಬಂದಿದ್ದು ನಿಜ. ಆದರೆ ಅದು ಒಂದೇ ಬಗೆಯ ಜನಕ್ಕೆ, ಒಂದೇ ಬಗೆಯ ಬಟ್ಟೆಗೆ ಸಿಕ್ಕಿದೆ. ನಮ್ಮ ಊರುಗಳ ಜಡೆ, ಹೂವು, ಕುಂಕುಮಕ್ಕೆ ಇನ್ನೂ ಸಿಕ್ಕಿಲ್ಲ.

ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮ ಮುಡಿಸಿದ ಹೂವನ್ನು ಬಸ್ಸಿನಲ್ಲೇ ತೆಗೆದು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ತೆಗಿ ಅಂತ ಯಾರೂ ಅಂದಿರಲಿಲ್ಲ. ಸುಮ್ನೆ ನೋಡುತ್ತಿದ್ದರು, ಅಷ್ಟೇ. ಆ ನೋಟದ ಭಾರ ಗೊತ್ತಿರುವುದಕ್ಕೇ ಇಷ್ಟು ಉರಿಯುತ್ತಿದೆ.

ಕ್ಲೈಂಟ್ ಮೊದಲು ನೋಡೋದೇ ಮನುಷ್ಯನನ್ನ ಅಲ್ವಾ, ಅನ್ನುತ್ತೀರಿ. ನಮ್ಮಲ್ಲಿ ಕ್ಲೈಂಟ್ ಜೊತೆ ಮಾತೆಲ್ಲ ಕಾಲ್‌ನಲ್ಲಿ, ಅದೂ ಹೆಚ್ಚಾಗಿ ಕ್ಯಾಮೆರಾ ಆಫ್. ಅಚ್ಚುಕಟ್ಟು ಬೇಕು ಅಂದರೆ ಒಪ್ಪುತ್ತೇನೆ. ಅದು ನಮ್ಮೆಲ್ಲರಿಗಿಂತ ಅವಳಲ್ಲೇ ಜಾಸ್ತಿ ಇತ್ತು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವನ್ನು ಮಂಗಳನ ಕಕ್ಷೆಗೆ ಸೇರಿಸಿದ್ದು ಇದೇ ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಲ್ಲಿ ಕೂತು. ಆ ಯೋಜನೆಯ ಉಪ ಕಾರ್ಯಾಚರಣೆ ನಿರ್ದೇಶಕಿ ನಂದಿನಿ ಹರಿನಾಥ್ ಅವರನ್ನು ನಾವು ಫೋಟೋಗಳಲ್ಲಿ ಸೀರೆಯಲ್ಲೇ ನೋಡಿದ್ದೇವೆ. ಪೀಣ್ಯಕ್ಕೆ ಒಪ್ಪುವುದು ಐಟಿ ಕಂಪನಿಗಳ ಔಟರ್ ರಿಂಗ್ ರೋಡಿಗೆ ಯಾಕೆ ಒಪ್ಪುವುದಿಲ್ಲ?

ಪ್ಯಾನೆಲ್‌ಗಳಲ್ಲಿ ಕೂರುವ ಗೆಳೆಯರೇ, ಯಾರಾದರೂ ಹೀಗೆ ಅಂದರೆ ಸುಮ್ಮನಿರಬೇಡಿ. ಯಾವ ಪ್ರಶ್ನೆಗೆ ತಪ್ಪು ಉತ್ತರ ಬಂತು ಅಂತ ಬರೆದು ಕೊಡಲು ಕೇಳಿ. ನಾನು ಮೇಲ್ ಹಾಕಿ ಕೇಳಿದ್ದೇನೆ. ಕಾರಣ ಕೊಡುವವರೆಗೆ 'ಬೇಡ' ಅನ್ನುವ ಫಾರಂಗೆ ನನ್ನ ಒಪ್ಪಿಗೆ ಇಲ್ಲ.