ಹೆಬ್ಬಾತು ತಿಂದ ಬೆಳೆಗೆ ಸರ್ಕಾರ ಪರಿಹಾರ ಕೊಡಬೇಕೇ?

ಪರ

ಚಳಿಗಾಲ ಬಂತೆಂದರೆ ಬೆಂಗಳೂರಿನ ನಾವು ಕ್ಯಾಮೆರಾ ಹೊತ್ತು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೋ, ಗದಗ ಜಿಲ್ಲೆಯ ಮಾಗಡಿ ಕೆರೆಗೋ ಓಡುತ್ತೇವೆ. (ನಮ್ಮ ಪಕ್ಕದ ಮಾಗಡಿ ಬೇರೆ.) ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಲ್ಲಿ ತೇಲುತ್ತಿರುತ್ತವೆ. ಫೋಟೊ ತೆಗೆದು ನಾವು ವಾಪಸ್. ಅವು ಸುತ್ತಲಿನ ಹೊಲಗಳಿಗೆ ಮೇಯಲು ಹೊರಡುವುದು ಕತ್ತಲಾದ ಮೇಲೆ. ಆ ಹೊತ್ತಿಗೆ ನಾವು ಹೆದ್ದಾರಿಯಲ್ಲಿ ಕಾಫಿ ಕುಡಿಯುತ್ತಿರುತ್ತೇವೆ. ಹಿಂಗಾರಿನ ಕಡಲೆ ಬೆಳೆಯುವ ಕಾಲವೂ ಅದೇ.

1972ರ ವನ್ಯಜೀವಿ ಕಾಯ್ದೆ ಪ್ರಕಾರ ರೈತ ಅವನ್ನು ಕೊಲ್ಲುವಂತಿಲ್ಲ. ಸರಿ, ಕೊಲ್ಲಬಾರದು. ಆದರೆ ಕೈ ಕಟ್ಟಿಹಾಕಿದವರು ನಷ್ಟ ತುಂಬಿಕೊಡಬೇಕು ಅಲ್ವಾ? 2024ರಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸರ್ ಪಟ್ಟಿ ಸೇರಿತು. ಹೆಮ್ಮೆ ರಾಜ್ಯದ್ದು, ಖರ್ಚು ಕೆರೆಯಂಚಿನ ರೈತನದ್ದು. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಹಣ ಕೊಟ್ಟಿದೆ. ಕಡಲೆ ಹೊಲಕ್ಕೆ ಯಾಕಾಗದು?

ವಿರೋಧ

ರೈತನಿಗೆ ದುಡ್ಡು ಬೇಡ ಅಂತಲ್ಲ. ಬೆಳೆ ಪರಿಹಾರ ಅನ್ನುವ ದಾರಿ ಬೇಡ.

ಆನೆ ನುಗ್ಗಿದ ಹೊಲ ಬೆಳಿಗ್ಗೆ ಎದ್ದು ಕಾಣುತ್ತದೆ. ಹೆಬ್ಬಾತು ಕುಡಿ ಕಿತ್ತು ಹಾರಿಹೋಗುತ್ತದೆ. ಅದು ತಿಂದದ್ದೆಷ್ಟು, ತೇವ ಸಾಲದೆ ಒಣಗಿದ್ದೆಷ್ಟು, ಅಳೆಯುವವರು ಯಾರು? ಕೊಯ್ಲಾದ ಹೊಲದಲ್ಲಿ ಉದುರಿದ ಶೇಂಗಾ ಹೆಕ್ಕಿದರೆ ಅದು ನಷ್ಟವೇ ಅಲ್ಲ. ಹಿಕ್ಕೆ ಗೊಬ್ಬರ ಆಯ್ತು ಬಿಡಿ ಅನ್ನುವ ರೈತರೂ ಇದ್ದಾರೆ.

ನನಗೆ ದೊಡ್ಡದಾಗಿ ಕಾಣುವ ತೊಡಕು ಇನ್ನೊಂದು. ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. 1974ರ ಭೂಸುಧಾರಣೆಯ ನಂತರ ಗೇಣಿ ಕಾಗದದ ಮೇಲೆ ಇಲ್ಲ. ಹಳ್ಳಿಯಲ್ಲಿ ಇದೆ, ಬಾಯಿಮಾತಿನಲ್ಲಿ. ಬೀಜ ಹಾಕಿ ರಾತ್ರಿ ಕಾವಲು ಕೂತವನು ಅರ್ಜಿ ಹಾಕಲಾರ. ಹೊಲದ ಯಜಮಾನ ಇಲ್ಲೇ ಜಯನಗರದಲ್ಲಿರಬಹುದು. ಅವನ ಖಾತೆಗೆ ಸುಮ್ನೆ ದುಡ್ಡು ಬೀಳುತ್ತದೆ!

ದುಡ್ಡೊಂದರಿಂದಲೇ ಜಗಳ ತೀರುವುದೂ ಇಲ್ಲ. ಸ್ಕಾಟ್‌ಲೆಂಡಿನ ಐಲಾ ದ್ವೀಪಕ್ಕೆ ಬೇರೆ ಜಾತಿಯ ಹೆಬ್ಬಾತು ಬರುತ್ತದೆ. ಅಲ್ಲಿ ರೈತರಿಗೆ ವರ್ಷಗಟ್ಟಲೆ ಹಣ ಕೊಟ್ಟರು. ಹಕ್ಕಿ ಜಾಸ್ತಿಯಾದವು, ಹಣದ ಜೊತೆಗೆ ಗುಂಡೂ ಹಾರಿತು.

ಅದರ ಬದಲು, ಕೆರೆ ಪಕ್ಕದ ಒಂದಿಷ್ಟು ಹೊಲವನ್ನು ಕೊಯ್ಲಿನ ನಂತರ ಉಳದೆ ಹಕ್ಕಿಗೆ ಬಿಟ್ಟವರಿಗೆ ಮೊದಲೇ ಬಾಡಿಗೆ ಕೊಡಲಿ. ಉಳುವವರು ಯಾರೆಂದು ಊರಿಗೆ ಗೊತ್ತು, ಪಟ್ಟಿಯನ್ನು ಗ್ರಾಮ ಪಂಚಾಯಿತಿ ಬರೆಯಲಿ. ಖರ್ಚಿನಲ್ಲಿ ಸ್ವಲ್ಪವನ್ನು ಕ್ಯಾಮೆರಾ ಹೊತ್ತು ಹೋಗುವ ನಮ್ಮಿಂದಲೇ ಟಿಕೆಟ್ ಇಟ್ಟು ವಸೂಲಿ ಮಾಡಬಹುದು.