ಸತ್ಯಾಂಶ: ಸ್ತನ ಕ್ಯಾನ್ಸರಿನ ಅಪಾಯ ತಂದೆಯ ಕಡೆಯಿಂದಲೂ ಬರಬಹುದು

ಆನುವಂಶಿಕ ಸ್ತನ ಕ್ಯಾನ್ಸರ್ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಕಾಳಜಿಯಿಂದಲೇ ಕಳುಹಿಸುವವರು ಹೆಚ್ಚು. ಆದರೂ ಮಾಹಿತಿ ತಪ್ಪು.

ದೋಷವಿದ್ದಾಗ ಈ ಆನುವಂಶಿಕ ಕಾಯಿಲೆಗೆ ಮುಖ್ಯ ಕಾರಣವಾಗುವ ಬಿಆರ್‌ಸಿಎ1 ಜೀನ್ 17ನೇ ವರ್ಣತಂತುವಿನಲ್ಲೂ (ವರ್ಣತಂತು ಎಂದರೆ ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತಿರುವ ಎಳೆ) ಬಿಆರ್‌ಸಿಎ2 ಜೀನ್ 13ನೇ ವರ್ಣತಂತುವಿನಲ್ಲೂ ಇವೆ. ಇವು ಲಿಂಗವನ್ನು ನಿರ್ಧರಿಸುವ ವರ್ಣತಂತುಗಳಲ್ಲವಾದ್ದರಿಂದ, ದೋಷವಿರುವುದು ತಂದೆಯಲ್ಲಾಗಲಿ ತಾಯಿಯಲ್ಲಾಗಲಿ, ಅದು ಪ್ರತಿ ಮಗುವಿಗೂ, ಗಂಡಿರಲಿ ಹೆಣ್ಣಿರಲಿ, ದಾಟುವ ಸಾಧ್ಯತೆ ಶೇ. 50. ತಂದೆ ಆರೋಗ್ಯವಾಗಿಯೇ ಇದ್ದು, ಸೋದರತ್ತೆಗೆ ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಅಥವಾ ತಂದೆಯ ತಾಯಿಗೆ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ, ಮಗಳು ಅದನ್ನು ವೈದ್ಯರಿಗೆ ಹೇಳಲೇಬೇಕು. ದೋಷವಿರುವ ಗಂಡಸರಿಗೂ ಅಪಾಯವಿದೆ: ವಿಶೇಷವಾಗಿ ಬಿಆರ್‌ಸಿಎ2 ದೋಷದಿಂದ ಪ್ರಾಸ್ಟೇಟ್ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ. ಹಾಗೆಂದು ಗಾಬರಿ ಬೇಡ. ಸ್ತನ ಕ್ಯಾನ್ಸರ್‌ಗಳಲ್ಲಿ ಆನುವಂಶಿಕವಾದವು ಶೇ. 5ರಿಂದ 10 ಮಾತ್ರ.

ಇಂಥ ಸಂದೇಶ ಬಂದಾಗ ಅದರಲ್ಲಿ ಮೂಲ ಮತ್ತು ದಿನಾಂಕ ಇವೆಯೇ ಎಂದು ಮೊದಲು ನೋಡಿ. ಜೀನ್ ಯಾವ ವರ್ಣತಂತುವಿನಲ್ಲಿದೆ ಎಂಬುದನ್ನು ಸಾರ್ವಜನಿಕ ಜೀನ್ ಮಾಹಿತಿಕೋಶಗಳಲ್ಲಿ ಯಾರು ಬೇಕಾದರೂ ಹುಡುಕಬಹುದು. ಆನುವಂಶಿಕ ಆಪ್ತಸಲಹೆಗಾರರು ಮೂರು ತಲೆಮಾರಿನ ವಂಶವೃಕ್ಷವನ್ನು ಎರಡೂ ಕಡೆಯಿಂದ ಬರೆದುಕೊಳ್ಳುತ್ತಾರೆ. ಸಾಧ್ಯವಿದ್ದರೆ, ಕ್ಯಾನ್ಸರ್ ಬಂದವರನ್ನೇ ಮೊದಲು ಪರೀಕ್ಷಿಸಲು ಹೇಳುತ್ತಾರೆ.