ಕಿಂಡಿಯಲ್ಲಿ ಅಮ್ಮ

ಚಿತ್ರದುರ್ಗದವರ ಮನೆಗೆ ನೆಂಟರು ಬಂದರೆ ಮನೆಯವರು ಕೋಟೆ ಹತ್ತಲೇಬೇಕು. ಮೈಸೂರಿನವರು ಪುಣ್ಯವಂತರು, ಅವರ ಅರಮನೆ ಸಮತಟ್ಟಾದ ನೆಲದಲ್ಲಿದೆ. ನಮ್ಮ ಪಾಳೆಯಗಾರರೋ ಸಿಕ್ಕ ಬಂಡೆಯನ್ನೆಲ್ಲ ಸೇರಿಸಿ ಏಳು ಸುತ್ತು ಕಟ್ಟಿ ಹೋಗಿದ್ದಾರೆ.

ಮೊನ್ನೆ ಭಾನುವಾರ ಬೆಂಗಳೂರಿನಿಂದ ನಾದಿನಿ ಮಕ್ಕಳೊಂದಿಗೆ ಬಂದಳು. ಇಡ್ಲಿಯ ತಟ್ಟೆ ಎತ್ತುವ ಮೊದಲೇ ಯಜಮಾನರು, "ಇವಳು ಕರೆದುಕೊಂಡು ಹೋಗುತ್ತಾಳೆ, ನನಗೆ ಮೊಣಕಾಲು ನೋವು" ಎಂದರು. ಅವರ ಮೊಣಕಾಲು ನೋಯುವುದು ಕೋಟೆಯ ಹೆಸರು ಕಿವಿಗೆ ಬಿದ್ದಾಗ ಮಾತ್ರ. ನನ್ನದು ಎರಡು ವರ್ಷದಿಂದ ನೋಯುತ್ತಿದೆ, ಯಾರೂ ಕೇಳಿಲ್ಲ.

ನಮಗೆ ಗೈಡ್ ಬೇಕಿಲ್ಲ, ಒಂಬತ್ತು ವರ್ಷದ ಮಗನಿದ್ದಾನೆ. ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರುವುದು, ತಿರುಗಿ ನೋಡಿ "ಧೈರ್ಯ ಇರಬೇಕಮ್ಮ, ನಾವು ದುರ್ಗದವರು" ಎನ್ನುವುದು. ಅವನಿಗೆ ಧೈರ್ಯ, ನನಗೆ ದೇವರು. ಅವನು ಹಾರಿದಾಗಲೆಲ್ಲ ಏಕನಾಥೇಶ್ವರಿಗೆ ಒಂದು, ಹಿಡಿಂಬೇಶ್ವರನಿಗೆ ಒಂದು ಎಂದು ಹರಕೆ ಹೊತ್ತು, ಕಿಂಡಿಯ ಹತ್ತಿರ ಬರುವಷ್ಟರಲ್ಲಿ ಹನ್ನೊಂದು ತೆಂಗಿನಕಾಯಿ ಸಾಲ ಬಿದ್ದಿತ್ತು. ಈಗಿನ ಕಾಯಿಯ ಬೆಲೆ ದೇವರಿಗೂ ಗೊತ್ತಿರಬೇಕು.

ಓಬವ್ವನ ಕಿಂಡಿ ಗೊತ್ತಲ್ಲ? ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದ ಬಂಡೆಯ ಸಂದು. ಮಕ್ಕಳು ಹಾವಿನಂತೆ ನುಸುಳಿದರು. ನಾದಿನಿ ಹೇಗೋ ದಾಟಿದಳು. ನಾನು ಬಗ್ಗಿ ಅರ್ಧಕ್ಕೆ ಬಂದಿದ್ದೆನಷ್ಟೇ, ಹೆಗಲಿನ ಚೀಲ ಕಲ್ಲಿಗೆ ಸಿಕ್ಕಿಕೊಂಡಿತು. ಮುಂದೆ ಹೋಗಲಾರೆ, ಹಿಂದೆ ಹುಬ್ಬಳ್ಳಿಯ ಕಡೆಯ ಒಂದು ದೊಡ್ಡ ಕುಟುಂಬ. ತಲೆಯೆತ್ತಿದರೆ ಎದುರಿಗೆ ನನ್ನ ಕರುಳಿನ ಕುಡಿ, ಎರಡೂ ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ ಎತ್ತಿ ಹಿಡಿದು ನಿಂತಿದ್ದಾನೆ.

"ಯಾರು ನೀನು?"

"ನಿಮ್ಮಮ್ಮ ಕಣೋ."

"ಸೈನಿಕರೆಲ್ಲ ಹಾಗೇ ಹೇಳುತ್ತಾರೆ."

ಟಣ್! ಜೋರಾಗಿ ಅಲ್ಲ, ಆದರೆ ನಡುನೆತ್ತಿಗೆ. ನಾದಿನಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಕೇಳಬೇಕೆ, ಇನ್ನೊಂದು ಟಣ್. ಹಿಂದಿನಿಂದ ಅಜ್ಜಿಯೊಬ್ಬರು, "ಏನಾಯಿತು ತಂಗಿ, ಮುಂದೆ ಸರಿಯಬಾರದೆ?" ಎಂದರು. "ಇಲ್ಲಿ ಹೊಡೆಯುತ್ತಿದ್ದಾರೆ ಅಜ್ಜಿ" ಎಂದೆ. ಅವರು ಗಾಬರಿಯಾಗಿ ಹಿಂದಿದ್ದವರಿಗೆ, "ಒಳಗೆ ಯಾರೋ ಹೊಡೆಯುತ್ತಾರಂತೆ" ಎಂದು ದಾಟಿಸಿದರು. ಇಡೀ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಹೈದರಾಲಿಯ ದಂಡಿಗೆ ಇಷ್ಟು ಬುದ್ಧಿಯಿದ್ದಿದ್ದರೆ ಅಂದು ಓಬವ್ವನಿಗೆ ಅಷ್ಟು ಕೆಲಸವೇ ಇರುತ್ತಿರಲಿಲ್ಲ. ಸಿಟ್ಟಿನಿಂದ ಬಯ್ಯಲು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ನಕ್ಕಾಗ ಹೊಟ್ಟೆ ಕುಲುಕಿ ಇನ್ನಷ್ಟು ಸಿಕ್ಕಿಕೊಂಡೆ. ನಾದಿನಿ ವಿಡಿಯೊ ಮಾಡುತ್ತಿದ್ದಳು.

ಕೊನೆಗೆ ಚೀಲ ಬಿಡಿಸಿಕೊಂಡು ಮೇಲೇಳುವಾಗ ತಲೆ ಕಲ್ಲಿಗೆ ಬಡಿಯಬೇಕಿತ್ತು, ಮೆತ್ತಗೆ ಏನೋ ತಾಗಿತು. ಮಗ ಕಲ್ಲಿನ ಅಂಚಿಗೆ ಅಂಗೈ ಅಡ್ಡ ಇಟ್ಟಿದ್ದ. ನಾನು ಚಿಕ್ಕವಳಿದ್ದಾಗ ಇದೇ ಜಾಗದಲ್ಲಿ ನನ್ನಮ್ಮ ಹೀಗೆಯೇ ಕೈ ಇಡುತ್ತಿದ್ದಳು. ಅವಳ ಗಾಜಿನ ಬಳೆ ಕಲ್ಲಿಗೆ ಸವರಿದ ಸದ್ದು ಈಗಲೂ ಕಿವಿಯಲ್ಲಿದೆ. ಅವಳು ಈಗ ಇಲ್ಲ. ಇದನ್ನು ಇವನಿಗೆ ಯಾರು ಹೇಳಿಕೊಟ್ಟರೋ.

ಪಕ್ಕದಲ್ಲೇ ತಣ್ಣೀರು ದೋಣಿ ಎಂಬ ನೀರಿನ ಹೊಂಡ. ಮಗ ನೆಂಟರಿಗೆ ಕಥೆ ಹೇಳುತ್ತಿದ್ದ. ಕಾವಲುಗಾರ ಮುದ್ದಹನುಮ ಊಟಕ್ಕೆ ಕುಳಿತಿದ್ದ, ಕುಡಿಯಲು ನೀರಿರಲಿಲ್ಲ, ಓಬವ್ವ ನೀರಿಗೆ ಬಂದಳು, ಸೈನಿಕರನ್ನು ಕಂಡಳು, ಒನಕೆ ಹಿಡಿದಳು. ನೂರು ಸಲ ಕೇಳಿದ ಕಥೆ. ಈ ಸಲ ಮಾತ್ರ ಆ ಒನಕೆಗಿಂತ ನೀರಿನ ವಿಷಯ ಮನಸ್ಸಿಗೆ ನಾಟಿತು. ಗಂಡ ಊಟಕ್ಕೆ ಕುಳಿತ ಮೇಲೆ ಏಳುವ ಪದ್ಧತಿ ನಾಯಕರ ಕಾಲದಲ್ಲೂ ಇರಲಿಲ್ಲ!

ಮನೆಗೆ ಬಂದಾಗ ಎರಡು ಗಂಟೆ. ವಿಡಿಯೊ ನಮಗಿಂತ ಮೊದಲೇ ತಲುಪಿತ್ತು. ಯಜಮಾನರು ಅದನ್ನು ಮೂರನೆಯ ಸಲ ನೋಡಿ ನಗುತ್ತಾ ಊಟಕ್ಕೆ ಕುಳಿತರು. ಎರಡು ತುತ್ತು ತಿಂದು, ಮೊಬೈಲಿನಿಂದ ಕಣ್ಣು ತೆಗೆಯದೆ, "ನೀರು" ಎಂದರು.

ನಾನು ಏಳಲಿಲ್ಲ. ಮಗ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಆಮೇಲೆ ಆ ಸ್ಟೀಲಿನ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಲ್ಲಗೆ ಅವರ ಬೆನ್ನ ಹಿಂದೆ ಹೋಗಿ ನಿಂತ.